ಹಾಸನದಲ್ಲಿ ಮೊದಲ ಸಲ ಹಿತ್ತಲ ತರಕಾರಿ: ಮುಂಗಾರಿಗೆ ಏನು ಹಾಕಬೇಕು, ಯಾವುದಕ್ಕೆ ಕಾಯಬೇಕು?

ಹಿತ್ತಲ ಹೊಸಬಳು, ಹಾಸನ | ಮೇ ಕೊನೆಯ ವಾರ

ಎಲ್ಲರಿಗೂ ನಮಸ್ಕಾರ. ಹಾಸನದ ಹೊರವಲಯದಲ್ಲಿ ಸ್ವಂತ ಮನೆಗೆ ಬಂದಿದ್ದೇವೆ. ಮನೆಯ ಹಿಂದೆ, ಅಂದರೆ ಉತ್ತರ ದಿಕ್ಕಿಗೆ, ಸುಮಾರು 20 ಅಡಿಗೆ 30 ಅಡಿ ಜಾಗ ಖಾಲಿ ಇದೆ. ಕುಂಡದಲ್ಲಿ ತುಳಸಿ, ದೊಡ್ಡಪತ್ರೆ ಬಿಟ್ಟರೆ ಇದುವರೆಗೆ ಏನನ್ನೂ ಬೆಳೆಸಿದವಳಲ್ಲ. ಈ ಸಲ ತರಕಾರಿ ಹಾಕಲೇಬೇಕೆಂದು ಮನಸ್ಸು ಮಾಡಿದ್ದೇನೆ.

ಮಣ್ಣು ಕೆಂಪು. ಗುದ್ದಲಿ ಹಾಕಿದರೆ ಮೇಲಿನ ಒಂದು ಗೇಣು ಸಡಿಲವಾಗಿ ಬರುತ್ತದೆ, ಕೆಳಗೆ ಗಟ್ಟಿ. ಗೋಡೆಯ ಹತ್ತಿರ ಮನೆ ಕಟ್ಟುವಾಗ ಬಿದ್ದ ಗಾರೆ, ಇಟ್ಟಿಗೆ ಚೂರು ಸಿಗುತ್ತಿವೆ. ಮೊನ್ನೆ ಸುರಿದ ಮಳೆಗೆ ಒಂದು ಮೂಲೆಯಲ್ಲಿ ಮರುದಿನ ಮಧ್ಯಾಹ್ನದವರೆಗೂ ನೀರು ನಿಂತಿತ್ತು.

ಟೊಮೆಟೊ, ಹುರುಳಿಕಾಯಿ, ಬೆಂಡೆ, ಹೀರೆ, ಹರಿವೆ, ಕ್ಯಾರೆಟ್ ಬೀಜ ತಂದಿಟ್ಟಿದ್ದೇನೆ. ಮಾವನವರು ದುದ್ದದ ಕಡೆ ವರ್ಷಾನುಗಟ್ಟಲೆ ಆಲೂಗಡ್ಡೆ ಬೆಳೆದವರು. ಈಗ ವಯಸ್ಸಾಗಿದೆ, ಒಂದು ಸಾಲಾದರೂ ಆಲೂಗಡ್ಡೆ ಇರಲಿ ಎನ್ನುತ್ತಾರೆ. ಅತ್ತೆಗೆ ಅವರೆ ಬೇಕು. ಮಗಳಿಗೆ ಟೊಮೆಟೊ. ಇವುಗಳಲ್ಲಿ ಈಗ ಹಾಕುವುದು ಯಾವುದು, ಕಾಯಬೇಕಾದದ್ದು ಯಾವುದು? ಶಾಲೆಯ ಕೆಲಸ ಇರುವುದರಿಂದ ಬೆಳಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಸಿಗುತ್ತದೆ. ನಮ್ಮ ಕಡೆಯ ಮಳೆ, ಮಣ್ಣು ಬಲ್ಲವರು ದಯವಿಟ್ಟು ಹೇಳಿ.

ತೋಟಗಾರಿಕೆ ನಿವೃತ್ತ, ಹಾಸನ

ಅಮ್ಮಾ, ನೀವು ಬೀಜದ ಬಗ್ಗೆ ಕೇಳಿದ್ದೀರಿ. ನಾನು ನೀರು ನಿಂತ ಆ ಮೂಲೆಯಿಂದಲೇ ಹೇಳಲು ಶುರುಮಾಡುತ್ತೇನೆ. ನಮ್ಮ ಕಡೆ ಮಳೆಗಾಲದ ತರಕಾರಿ ನೀರಿಲ್ಲದೆ ಸಾಯುವುದಕ್ಕಿಂತ ನೀರು ನಿಂತು ಸಾಯುವುದೇ ಹೆಚ್ಚು. ಬೇರಿಗೆ ಗಾಳಿ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿಕೊಂಡರೆ ಬೇರು ಉಸಿರಾಡಲಾಗದೆ ಕೊಳೆಯುತ್ತದೆ, ಎಲೆ ಹಳದಿಯಾಗುತ್ತದೆ. ಎಲೆ ಹಳದಿಯಾಯಿತೆಂದು ಜನ ಗೊಬ್ಬರ ಸುರಿಯುತ್ತಾರೆ, ಗಿಡ ಇನ್ನಷ್ಟು ಬೇಗ ಹೋಗುತ್ತದೆ.

ಆದ್ದರಿಂದ ಮೊದಲು ಏರುಮಡಿ ಮಾಡಿ. ಮೂರು ಅಡಿ ಅಗಲ ಸಾಕು, ಎರಡೂ ಬದಿಯಿಂದ ಕೈ ನಡುವಿಗೆ ತಲುಪಬೇಕು. ಮಡಿಯ ಮೇಲೆ ಕಾಲಿಡುವ ಅಗತ್ಯವೇ ಬರಬಾರದು. ಎತ್ತರ ಮುಕ್ಕಾಲು ಅಡಿಯಿಂದ ಒಂದಡಿ. ಮಡಿಗಳ ನಡುವೆ ಒಂದೂವರೆ ಅಡಿ ದಾರಿ ಬಿಡಿ. ಆ ದಾರಿಯೇ ಬಸಿಗಾಲುವೆ. ಅದು ಇಳಿಜಾರಿನ ಕಡೆಗೆ ತಿರುಗಿ ಜಾಗದಿಂದ ಹೊರಗೆ ಹೋಗಬೇಕು. ಮಳೆ ಬೀಳುವಾಗ ಕೊಡೆ ಹಿಡಿದು ಒಮ್ಮೆ ಹೊರಗೆ ನಿಂತು ನೋಡಿ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ನಿಮ್ಮ ಜಾಗವೇ ತೋರಿಸುತ್ತದೆ. ಮಣ್ಣು ಹಸಿಯಿದ್ದಾಗ ಅಗೆಯಬೇಡಿ. ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಿ. ಪುಡಿಯಾದರೆ ಹದ ಬಂದಿದೆ, ಮುದ್ದೆಯಾಗಿಯೇ ಉಳಿದರೆ ಎರಡು ದಿನ ತಡೆಯಿರಿ.

ಇನ್ನು ಆ ಗಾರೆ. ಮಲೆನಾಡಿನ ಅಂಚಿನ ಮಣ್ಣೆಂದರೆ ಹುಳಿ ಇದ್ದೇ ಇರುತ್ತದೆ ಎಂದು ಯಾರಾದರೂ ಸುಣ್ಣ ಹಾಕಲು ಹೇಳಬಹುದು. ಗೋಡೆಯ ಪಕ್ಕದ ಮಣ್ಣಿಗೆ ಸಿಮೆಂಟು, ಗಾರೆ ಬೆರೆತು ರಸಸಾರ (ಮಣ್ಣಿನ ಹುಳಿ, ಕ್ಷಾರದ ಅಳತೆ, ಪಿಎಚ್) ಆಗಲೇ ಏರಿರುವ ಸಂಭವವಿದೆ. ಅಲ್ಲಿಗೆ ಮತ್ತೆ ಸುಣ್ಣ ಹಾಕಿದರೆ ಕಬ್ಬಿಣ, ಸತು ಗಿಡಕ್ಕೆ ದಕ್ಕುವುದಿಲ್ಲ. ಪರೀಕ್ಷೆ ಮಾಡಿಸಿಯೇ ನಿರ್ಧರಿಸಿ. ನಾಲ್ಕೈದು ಕಡೆ ಇಂಗ್ಲಿಷಿನ ವಿ ಅಕ್ಷರದ ಹಾಗೆ 15 ಸೆಂಟಿಮೀಟರ್ ಆಳ ತೋಡಿ, ಅದರ ಒಂದು ಬದಿಯಿಂದ ಮೇಲಿಂದ ಕೆಳಗಿನವರೆಗೆ ತೆಳುವಾಗಿ ಕೆರೆದು ಬುಟ್ಟಿಗೆ ಹಾಕಿ. ಎಲ್ಲ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಬಿಟ್ಟುಬಿಡಿ. ಅರ್ಧ ಕಿಲೋ ಉಳಿಯುವವರೆಗೂ ಹೀಗೆಯೇ ಮಾಡಿ. ನೆರಳಿನಲ್ಲಿ ಒಣಗಿಸಿ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ಗೋಡೆಯ ಪಕ್ಕದ್ದನ್ನು ಬೇರೆಯಾಗಿಯೇ ಕೊಡಿ, ಇದನ್ನು ಮರೆಯಬೇಡಿ.

ಆಲೂರಿನ ಅಕ್ಕ, ಆಲೂರು

ಅಣ್ಣ ಹೇಳಿದ್ದು ಸರಿ. ನಾನು ಬೀಜದ ಮಾತಿಗೆ ಬರುತ್ತೇನೆ. ತಂಗಿ, ಕ್ಯಾರೆಟ್ಟನ್ನು ಡಬ್ಬಿಯಲ್ಲಿ ಮುಚ್ಚಿಡಿ. ಕಲ್ಲು, ಇಟ್ಟಿಗೆ ಚೂರು ಇರುವ ಹೊಸ ಮಣ್ಣಿನಲ್ಲಿ ಗೆಡ್ಡೆ ಕವಲೊಡೆಯುತ್ತದೆ, ಮೊದಲ ವರ್ಷವೇ ನಿರಾಸೆ ಬೇಡ. ಟೊಮೆಟೊ ಬೀಜವನ್ನೂ ಆಗಸ್ಟ್ ಕೊನೆಯವರೆಗೆ ಮುಟ್ಟಬೇಡಿ. ಈಗ ಹಾಕಿದರೆ ಜುಲೈನ ಜಡಿಮಳೆಗೆ ಸರಿಯಾಗಿ ಹೂ ಬರುತ್ತದೆ. ಹೂ ಉದುರುತ್ತದೆ, ಎಲೆಗೆ ಅಂಗಮಾರಿ (ಮಚ್ಚೆ ಬಿದ್ದು ಎಲೆ ಸುಟ್ಟಂತಾಗುವ ರೋಗ) ಹತ್ತುತ್ತದೆ.

ಈಗ ಹಾಕುವುದು ಹರಿವೆ, ಬೆಂಡೆ, ಹೀರೆ. ಬೆಂಡೆ ಬೀಜವನ್ನು ರಾತ್ರಿ ನೀರಿನಲ್ಲಿ ನೆನೆಸಿ, ಒಂದು ಗುಳಿಗೆ ಎರಡರಂತೆ ಗೇಣಿಗಿಂತ ಸ್ವಲ್ಪ ಹೆಚ್ಚು ಅಂತರದಲ್ಲಿ ಊರಿ. ಒಂದೂವರೆ ತಿಂಗಳಿಗೆಲ್ಲ ಕಾಯಿ ಬರುತ್ತದೆ. ಹರಿವೆ ಬೀಜ ಸಾಸಿವೆಗಿಂತ ಚಿಕ್ಕದು, ಒಣಮರಳಿನಲ್ಲಿ ಬೆರೆಸಿ ಚೆಲ್ಲಿದರೆ ಒಂದೇ ಕಡೆ ಗುಂಪಾಗುವುದಿಲ್ಲ. ಮೇಲೆ ತೆಳುವಾಗಿ ಗೊಬ್ಬರ ಉದುರಿಸಿದರೆ ಸಾಕು. ತಿಂಗಳೊಳಗೆ ಸಾರಿಗೆ ಸೊಪ್ಪು. ಹೊಸಬರಿಗೆ ಮೊದಲು ಬೇಕಾದದ್ದು ಆ ಧೈರ್ಯ. ಮನೆಯ ಸೊಪ್ಪಿನ ಸಾರು ಒಮ್ಮೆ ಉಂಡರೆ ಕಳೆ ಕೀಳಲು ಬೆನ್ನು ತಾನೇ ಬಗ್ಗುತ್ತದೆ. ಹುರುಳಿಕಾಯಿಯನ್ನೂ ಈಗಲೇ ಹಾಕಿಬಿಡಿ, ಎರಡು ತಿಂಗಳೊಳಗೆ ಮುಗಿಯುವ ಬೆಳೆ.

ಮೂಡಿಗೆರೆ ಕಾಫಿತೋಟ, ಮೂಡಿಗೆರೆ

ಹುರುಳಿಕಾಯಿಯ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಜೂನ್‌ನಲ್ಲಿ ಹಾಕಿದ ಹುರುಳಿಕಾಯಿ ಆರಿದ್ರಾ, ಪುನರ್ವಸು ಮಳೆಗೆ ಬುಡದಲ್ಲೇ ಕೊಳೆಯುತ್ತದೆ. ಮಳೆಗಾಲದಲ್ಲಿ ನಾವು ನೆಚ್ಚುವುದು ಕೆಸು, ಬಸಳೆ, ಸೀಮೆಬದನೆ, ಸೂಜಿಮೆಣಸು. ಸೀಮೆಬದನೆಗೆ ಬೀಜವನ್ನು ಬೇರೆ ತೆಗೆಯುವ ಕೆಲಸವಿಲ್ಲ, ಮೊಳಕೆ ಬಂದ ಕಾಯಿಯನ್ನೇ ಓರೆಯಾಗಿ ಅರ್ಧ ಹೂತು ಚಪ್ಪರಕ್ಕೆ ಹತ್ತಿಸಿದರೆ ವರ್ಷಗಟ್ಟಲೆ ಕಾಯಿ ಕೊಡುತ್ತದೆ. ಮಲೆನಾಡಿನವರು ಹಿಂದಿನಿಂದ ಬೆಳೆದುಕೊಂಡು ಬಂದದ್ದಕ್ಕೆ ಕಾರಣವಿದೆ, ಹೊಸಬರು ಅದನ್ನು ಬಿಟ್ಟು ಪಾಕೆಟ್ಟಿನ ಮೇಲಿನ ಚಿತ್ರ ನೋಡಿ ಹೊರಡುತ್ತಾರೆ.

ಆಲೂರಿನ ಅಕ್ಕ, ಆಲೂರು

ಸರ್, ಮೂಡಿಗೆರೆಯ ಮಳೆಯನ್ನು ಹಾಸನಕ್ಕೆ ಹಿಡಿದು ಅಳೆದರೆ ಹೇಗೆ? ಒಂದೇ ಜಿಲ್ಲೆಯೊಳಗೇ ಸಕಲೇಶಪುರಕ್ಕೆ ಬೀಳುವ ಮಳೆ ಅರಸೀಕೆರೆಯ ಎರಡು ಪಟ್ಟಿಗಿಂತ ಹೆಚ್ಚು. ಹಾಸನ ಪಟ್ಟಣ ಎರಡರ ನಡುವೆ ಇದೆ. ಏರುಮಡಿಯಲ್ಲಿ ಅಲ್ಲಿ ಹುರುಳಿಕಾಯಿ ಖಂಡಿತ ಬರುತ್ತದೆ.

ಮೂಡಿಗೆರೆ ಕಾಫಿತೋಟ, ಮೂಡಿಗೆರೆ

ಆ ಮಾತು ಒಪ್ಪಿದೆ ಅಕ್ಕಾ. ಹಾಗಿದ್ದರೂ ಬೀಜವನ್ನು ಒಂದೇ ಸಲ ಎಲ್ಲವನ್ನೂ ಹಾಕದೆ, ಹದಿನೈದು ದಿನಕ್ಕೊಂದು ಸಾಲು ಹಾಕಲಿ. ಒಂದು ಸಾಲು ಮಳೆಗೆ ಹೋದರೂ ಇನ್ನೊಂದು ಉಳಿಯುತ್ತದೆ.

ಬೇಲೂರು ಮೇಷ್ಟ್ರು, ಬೇಲೂರು

ಒಂದು ಮುಖ್ಯ ವಿಷಯವನ್ನು ಯಾರೂ ಹೇಳಲಿಲ್ಲ. ಜಾಗ ಮನೆಯ ಉತ್ತರಕ್ಕಿದೆ. ಹಾಸನ ಸರಿಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್‌ನಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ, ಮನೆಯ ನೆರಳು ಹಿತ್ತಲಿಗೆ ಬೀಳುವುದೇ ಇಲ್ಲ. ಡಿಸೆಂಬರ್‌ನಲ್ಲಿ ನೆತ್ತಿಯಿಂದ ದಕ್ಷಿಣಕ್ಕೆ 36 ಡಿಗ್ರಿ ವಾಲಿರುತ್ತಾನೆ. ಆಗ ನಡುಮಧ್ಯಾಹ್ನದಲ್ಲೂ 10 ಅಡಿ ಗೋಡೆಯ ನೆರಳು ಉತ್ತರಕ್ಕೆ ಏಳು ಅಡಿಗಿಂತ ಹೆಚ್ಚು ಚಾಚುತ್ತದೆ. ಮಹಡಿ ಮನೆಯಾದರೆ ಅದರ ಎರಡು ಪಟ್ಟು. ಈಗ ಬಿಸಿಲು ತುಂಬಿರುವ ಗೋಡೆಯ ಪಕ್ಕದ ಮಡಿ ಚಳಿಗಾಲದಲ್ಲಿ ಪೂರ್ತಿ ನೆರಳಾಗುತ್ತದೆ. ಆದ್ದರಿಂದ ಅವರೆ, ಚಳಿಗಾಲದ ಟೊಮೆಟೊ ಇವೆರಡನ್ನೂ ಮನೆಯಿಂದ ದೂರದ ತುದಿಗೆ ಹಾಕಿ. ಗೋಡೆಯ ಪಕ್ಕ ಈಗ ಹರಿವೆ, ಆಮೇಲೆ ಪುದೀನ, ಕೊತ್ತಂಬರಿ. ಅವು ಅರೆನೆರಳನ್ನು ತಡೆಯುತ್ತವೆ.

ಹಿತ್ತಲ ಹೊಸಬಳು, ಹಾಸನ

ಮೇಷ್ಟ್ರೇ, ಇದು ನನಗೆ ಹೊಳೆದೇ ಇರಲಿಲ್ಲ, ತುಂಬಾ ಉಪಕಾರವಾಯಿತು. ನಮ್ಮದು ಒಂದೇ ಅಂತಸ್ತು. ಮಾವನವರು ಗೂಟ ಹೊಡೆದು ಹಗ್ಗ ಕಟ್ಟಿ ಮಡಿಗಳ ಗೆರೆ ಹಾಕಿಕೊಟ್ಟಿದ್ದಾರೆ. ಬಸಿಗಾಲುವೆಯನ್ನು ಚರಂಡಿಯ ಕಡೆಗೆ ತಿರುಗಿಸಿದ್ದೇವೆ. ಮಣ್ಣನ್ನು ಪರೀಕ್ಷೆಗೆ ಕೊಟ್ಟೆವು: ಗೋಡೆಯ ಪಕ್ಕದ್ದು ಕ್ಷಾರದ ಕಡೆಗೆ ವಾಲಿದೆ, ಉಳಿದದ್ದು ಸ್ವಲ್ಪ ಹುಳಿ, ಸುಣ್ಣ ಬೇಡ ಎಂದಿದ್ದಾರೆ. ಸಾವಯವ ಇಂಗಾಲ ಎರಡರಲ್ಲೂ ಕಡಿಮೆ.

ತೋಟಗಾರಿಕೆ ನಿವೃತ್ತ, ಹಾಸನ

ಸಂತೋಷ. ಸಾವಯವ ಇಂಗಾಲ ಕಡಿಮೆ ಎಂದರೆ ಕೊಟ್ಟಿಗೆ ಗೊಬ್ಬರ ಬೇಕು ಎಂದೇ ಅರ್ಥ. ಚೆನ್ನಾಗಿ ಕಳಿತದ್ದೇ ಇರಲಿ, ಕೈಗೆ ತೆಗೆದುಕೊಂಡರೆ ಸಗಣಿಯ ವಾಸನೆ ಬರಬಾರದು, ಬಿಸಿಯಿರಬಾರದು. ಹಸಿ ಗೊಬ್ಬರ ಹಾಕಿದರೆ ಗೊಣ್ಣೆಹುಳು ಜೊತೆಗೇ ಬರುತ್ತದೆ. ಬಿಳಿ ಮೈ, ಕಂದು ತಲೆ, ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. ಕಂಡರೆ ಆರಿಸಿ ಕೋಳಿಗೆ ಹಾಕಿ. ಗೊಬ್ಬರಕ್ಕೆ ಟ್ರೈಕೋಡರ್ಮಾ ಪುಡಿ ಬೆರೆಸಿ, ತೇವವಾಗಿಟ್ಟು ಗೋಣಿ ಮುಚ್ಚಿ ಒಂದು ವಾರ ನೆರಳಿನಲ್ಲಿಟ್ಟು ಆಮೇಲೆ ಮಡಿಗೆ ಸೇರಿಸಿ. ಸಸಿಯ ಬುಡ ಕೊಳೆಸುವ ಶಿಲೀಂಧ್ರಗಳನ್ನು ಅದು ಹತ್ತಿಕ್ಕುತ್ತದೆ.

ಹಿತ್ತಲ ಹೊಸಬಳು, ಹಾಸನ | ಜುಲೈ

ಹರಿವೆ ಎರಡು ಸಲ ಕೊಯ್ದೆವು! ಬೆಂಡೆ ಮೊಣಕಾಲುದ್ದ ಇದೆ. ಹೀರೆ ಚಪ್ಪರ ಮುಟ್ಟಿದೆ. ಆದರೆ ಹುರುಳಿಕಾಯಿಯ ಎರಡನೇ ಸಾಲು ರಾತ್ರೋರಾತ್ರಿ ಮಾಯವಾಗಿದೆ. ಕಾಂಡದ ಮೋಟು ಮಾತ್ರ ಉಳಿದಿದೆ, ಮಣ್ಣಿನ ಮೇಲೆ ಹೊಳೆಯುವ ಲೋಳೆಯ ಗೆರೆ.

ಮೂಡಿಗೆರೆ ಕಾಫಿತೋಟ, ಮೂಡಿಗೆರೆ

ಬಸವನಹುಳು. ಅಂಗೈ ಅಗಲ ಬೆಳೆಯುವ ಆಫ್ರಿಕಾದ ದೊಡ್ಡ ಜಾತಿ ಈಗ ಎಲ್ಲ ಕಡೆ ಹಬ್ಬಿದೆ, ಕಾಫಿ, ಅಡಿಕೆ ತೋಟಗಳಿಗೂ ತಲೆನೋವಾಗಿದೆ. ಹಗಲಿನಲ್ಲಿ ಇಟ್ಟಿಗೆ ರಾಶಿ, ಹಲಗೆ, ಕುಂಡದ ಅಡಿ ಅಡಗಿರುತ್ತದೆ, ರಾತ್ರಿ ಹೊರಡುತ್ತದೆ. ಸಂಜೆ ಹಸಿ ಗೋಣಿಚೀಲದ ಅಡಿ ಪರಂಗಿ ಎಲೆ, ಎಲೆಕೋಸಿನ ಹೊರ ಎಲೆ ಇಟ್ಟು ಮಡಿಯ ಪಕ್ಕ ಹಾಸಿ. ಬೆಳಗ್ಗೆ ಎತ್ತಿದರೆ ಅಡಿಯಲ್ಲಿ ಗುಂಪಾಗಿ ಸಿಗುತ್ತವೆ. ಬಕೆಟ್ಟಿನ ಉಪ್ಪುನೀರಿಗೆ ಹಾಕಿ, ಸತ್ತ ಮೇಲೆ ಆ ನೀರನ್ನು ತೋಟಕ್ಕೆ ಚೆಲ್ಲದೆ ಹುಳುಗಳನ್ನು ಬೇರೆ ಗುಂಡಿಯಲ್ಲಿ ಹೂಳಿ.

ಉಪ್ಪನ್ನು ಮಣ್ಣಿಗೆ ಎರಚಬೇಡಿ, ಗಿಡಕ್ಕೇ ಕೇಡು. ಬರಿಗೈಯಲ್ಲಿ ಹುಳು ಮುಟ್ಟಲೇಬೇಡಿ. ಮನುಷ್ಯನ ಮೆದುಳಿಗೆ ಹೋಗುವ ಒಂದು ಪರೋಪಜೀವಿ ಅದರಲ್ಲಿರಬಹುದು. ಕೈಗವಸು ಹಾಕಿ, ಮಗಳು ಆರಿಸಲು ಬಂದರೆ ಅವಳಿಗೂ ಹಾಕಿಸಿ. ಸೊಪ್ಪನ್ನು ಒಂದೊಂದು ಎಲೆಯಾಗಿ ತೊಳೆದು ಬೇಯಿಸಿಯೇ ತಿನ್ನಿ. ಅಂಗಡಿಯಲ್ಲಿ ಸಿಗುವ ಬಸವನಹುಳುವಿನ ವಿಷದ ಹರಳನ್ನು ನಾಯಿ, ಬೆಕ್ಕು ತಿಂದರೆ ಪ್ರಾಣಕ್ಕೇ ಅಪಾಯ. ಹಿತ್ತಲಿಗೆ ಅದು ಬೇಡವೇ ಬೇಡ.

ಹಿತ್ತಲ ಹೊಸಬಳು, ಹಾಸನ | ಆಗಸ್ಟ್

ಗೋಣಿಚೀಲ ಕೆಲಸ ಮಾಡಿತು. ಇಟ್ಟಿಗೆ ಚೂರಿನ ರಾಶಿಯನ್ನೂ ಅಲ್ಲಿಂದ ತೆಗೆಸಿದೆವು. ಅತ್ತೆಯ ಅವರೆಯನ್ನು ಉತ್ತರದ ಬೇಲಿಗೆ ಊರಿದ್ದೇವೆ. ಈಗ ಹೀರೆಯ ಚಿಂತೆ. ಬಳ್ಳಿಯ ತುಂಬಾ ಹಳದಿ ಹೂ. ಬೆರಳುದ್ದದ ಹೀಚು ಬರುತ್ತದೆ, ಎರಡು ದಿನಕ್ಕೆ ತುದಿಯಿಂದ ಹಳದಿಯಾಗಿ ಉದುರುತ್ತದೆ. ಗೊಬ್ಬರ ಸಾಲದೆ?

ಆಲೂರಿನ ಅಕ್ಕ, ಆಲೂರು

ಗೊಬ್ಬರದ ಕೊರತೆ ಇರಲಾರದು ತಂಗಿ, ಪರಾಗ ಸೇರಿಲ್ಲ. ಸಂಜೆ ಐದೂವರೆಯ ಹೊತ್ತಿಗೆ ಬಳ್ಳಿಯ ಹತ್ತಿರ ಹೋಗಿ ಒಂದು ಗೆಣ್ಣನ್ನು ಹಿಡಿದು ನೋಡಿ. ಉದ್ದನೆಯ ಒಂದು ತೊಟ್ಟಿನ ಮೇಲೆ ಗೊಂಚಲಾಗಿ ಮೊಗ್ಗುಗಳಿರುತ್ತವೆ, ಅವು ಗಂಡು. ಅದೇ ಗೆಣ್ಣಿನಲ್ಲಿ ಒಂಟಿಯಾಗಿ, ಹೂವಿನ ಹಿಂದೆ ಏಣುಏಣಾದ ಪುಟ್ಟ ಹೀರೆಯನ್ನೇ ಹೊತ್ತುಕೊಂಡು ಇರುವುದು ಹೆಣ್ಣು. ಹೂ ಅರಳುವ ಮೊದಲೇ ಆ ಹೀಚು ಇರುತ್ತದೆ, ಅದನ್ನು ನೋಡಿ ಕಾಯಿ ಕಚ್ಚಿತೆಂದು ನಾವು ತಿಳಿಯುತ್ತೇವೆ. ಪರಾಗ ಬೀಳದಿದ್ದರೆ ಬಳ್ಳಿ ಅದನ್ನು ಉದುರಿಸಿಬಿಡುತ್ತದೆ.

ಹೀರೆಯ ಹೂ ಅರಳುವುದು ಸಂಜೆ. ಜಿಟಿಜಿಟಿ ಮಳೆಯ ಸಂಜೆಯಲ್ಲಿ ಜೇನು, ಪತಂಗ ಬರುವುದಿಲ್ಲ. ನೀವೇ ಆ ಕೆಲಸ ಮಾಡಬೇಕು. ಹೊಸದಾಗಿ ಅರಳಿದ ಗಂಡು ಹೂವನ್ನು ಕಿತ್ತು, ಎಸಳುಗಳನ್ನು ಹಿಂದಕ್ಕೆ ಮಡಚಿ, ನಡುವಿನ ಹಳದಿ ಕೇಸರವನ್ನು ಬೆರಳಿಗೆ ಮುಟ್ಟಿಸಿ ನೋಡಿ. ಪುಡಿ ಅಂಟಿದರೆ ಸರಿಯಾಗಿದೆ, ತೇವಕ್ಕೆ ಮುದ್ದೆಯಾಗಿದ್ದರೆ ಬೇರೆ ಹೂ ತೆಗೆದುಕೊಳ್ಳಿ. ಅದನ್ನು ಹೆಣ್ಣು ಹೂವಿನ ನಡುವೆ ಇರುವ ಮೂರು ಕವಲಿನ ಉಬ್ಬಿಗೆ ಮೆಲ್ಲಗೆ ಸವರಿ, ಎಲ್ಲ ಕವಲಿಗೂ ತಾಗಲಿ. ಒಂದು ಬದಿಗೆ ಮಾತ್ರ ತಾಗಿದರೆ ಕಾಯಿ ಸೊಟ್ಟಗಾಗುತ್ತದೆ. ಮೂರ್ನಾಲ್ಕು ದಿನದಲ್ಲಿ ತೊಟ್ಟು ದಪ್ಪಗಾಗಿ ಕಾಯಿ ಕೆಳಕ್ಕೆ ಬಾಗಿದರೆ ನಿಂತಿತೆಂದು ಲೆಕ್ಕ.

ಸೋರೆಯೂ ಸಂಜೆಯ ಹೂವೇ. ಸಿಹಿಗುಂಬಳ ಬೆಳಗಿನ ಜಾವ ಅರಳಿ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ, ಅದಕ್ಕೆ ಕಾಫಿ ಕುಡಿಯುವ ಮೊದಲೇ ಹೋಗಬೇಕು.

ತೋಟಗಾರಿಕೆ ನಿವೃತ್ತ, ಹಾಸನ

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕಾಯಿ ನಿಂತ ಮೇಲೆ ಅದರ ಮೇಲೆ ಸೂಜಿ ಚುಚ್ಚಿದಷ್ಟು ಗಾಯ, ಅದರಿಂದ ಅಂಟು ಒಸರುವುದು ಕಂಡರೆ ಹಣ್ಣುನೊಣ ಮೊಟ್ಟೆ ಇಟ್ಟಿದೆ. ಅಂತಹ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಮರಿಹುಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಬರುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಬಿಸಿಲಿಗಿಡಿ. ಎಳೆಕಾಯಿಗೆ ಹಳೆಯ ಕಾಗದದ ಚೀಲ ತೊಡಿಸಿದರೂ ಆಗುತ್ತದೆ. ತರಕಾರಿ ಬಳ್ಳಿಗಳ ಹಣ್ಣುನೊಣಕ್ಕೆ ಬೇರೆಯೇ ಮೋಹಕ ಬಲೆ ಇದೆ. ಮಾವಿನ ತೋಟದವರು ಕಟ್ಟುವ ಬಲೆಯ ಆಕರ್ಷಕ ಇದಕ್ಕೆ ನಡೆಯುವುದಿಲ್ಲ, ಕೇಳಿ ಕೊಳ್ಳಿ.

ಹಿತ್ತಲ ಹೊಸಬಳು, ಹಾಸನ | ಅಕ್ಟೋಬರ್

ಹೀರೆ ಅಕ್ಕಪಕ್ಕದ ಮನೆಗಳಿಗೂ ಕೊಡುವಷ್ಟು ಬಂತು. ಟೊಮೆಟೊ ಸಸಿಗಳನ್ನು ಸೆಪ್ಟೆಂಬರ್ ಕೊನೆಯಲ್ಲಿ ನಾಟಿ ಮಾಡಿದೆವು. ಈಗ ಎರಡು ಪ್ರಶ್ನೆ. ಒಂದು, ಚೆನ್ನಾಗಿದ್ದ ಒಂದು ಟೊಮೆಟೊ ಗಿಡ ಮಧ್ಯಾಹ್ನ ಹಸಿರಾಗಿದ್ದ ಹಾಗೆಯೇ ಬಾಡಿತು, ಸಂಜೆ ನೀರು ಹಾಕಿದರೂ ಏಳಲಿಲ್ಲ. ಪಕ್ಕದ್ದೂ ಇವತ್ತು ಹಾಗೆಯೇ ಕಾಣುತ್ತಿದೆ. ಇನ್ನೊಂದು, ಅವರೆ ಬಳ್ಳಿ ಬೇಲಿಯನ್ನೆಲ್ಲ ಮುಚ್ಚಿದೆ, ಒಂದು ಹೂವೂ ಇಲ್ಲ. ಬರೀ ಎಲೆ. ಕಿತ್ತು ಬೇರೆ ಏನಾದರೂ ಹಾಕಲೇ?

ಬೇಲೂರು ಮೇಷ್ಟ್ರು, ಬೇಲೂರು

ಅವರೆಯನ್ನು ದಯವಿಟ್ಟು ಕೀಳಬೇಡಿ! ನಾಟಿ ಅವರೆ ಹಗಲಿನ ಉದ್ದ ನೋಡಿ ಹೂ ಬಿಡುವ ಬಳ್ಳಿ. ನಮ್ಮಲ್ಲಿ ಜೂನ್ ಕೊನೆಯಲ್ಲಿ ಹಗಲು ಹತ್ತಿರಹತ್ತಿರ 13 ಗಂಟೆ, ಡಿಸೆಂಬರ್‌ನಲ್ಲಿ ಹನ್ನೊಂದೂವರೆಗಿಂತ ಕಡಿಮೆ. ಹಗಲು ಕುಗ್ಗುತ್ತಾ ಬಂದು, ಇಬ್ಬನಿ ಬೀಳತೊಡಗಿದ ಮೇಲೆ ಅದು ಹೂ ಬಿಡುತ್ತದೆ. ಸೊಗಡಿನ ಅವರೆಕಾಯಿ ಮಾರುಕಟ್ಟೆಗೆ ಬರುವುದು ಡಿಸೆಂಬರ್, ಜನವರಿಯಲ್ಲೇ ಏಕೆಂದು ಯೋಚಿಸಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ತಳಿಗಳಿಗೆ ಈ ಕಟ್ಟುಪಾಡಿಲ್ಲ, ಗಿಡ್ಡವಾಗಿ ಬೆಳೆದು ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಬಿಡುತ್ತವೆ. ನಿಮ್ಮ ಅತ್ತೆಯವರು ಕೊಟ್ಟ ಬೀಜ ಹಳೆಯ ನಾಟಿ ಬಳ್ಳಿಯದೆಂದು ಕಾಣುತ್ತದೆ. ಗೊಬ್ಬರ ನಿಲ್ಲಿಸಿ, ನೀರು ಕಡಿಮೆ ಮಾಡಿ, ಕಾಯಿರಿ.

ತೋಟಗಾರಿಕೆ ನಿವೃತ್ತ, ಹಾಸನ

ಟೊಮೆಟೊದ ಬಗ್ಗೆ ತಡಮಾಡಬೇಡಿ. ಬಾಡಿದ ಗಿಡವನ್ನು ಬೇರುಸಹಿತ ಕಿತ್ತು, ಬುಡದ ಹತ್ತಿರ ಕಾಂಡವನ್ನು ಚೂಪಾದ ಚಾಕುವಿನಿಂದ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ನೀರಿಗೆ ಸ್ವಲ್ಪವೇ ಮುಳುಗುವಂತೆ ಹಿಡಿದು, ಅಲುಗಾಡಿಸದೆ ಬೆಳಕಿಗೆ ಎದುರಾಗಿ ನೋಡಿ. ಕೆಲವು ನಿಮಿಷದಲ್ಲಿ ಕಾಂಡದಿಂದ ಹಾಲಿನಂತಹ ಬಿಳಿ ಎಳೆ ಕೆಳಕ್ಕೆ ಇಳಿದರೆ ಅದು ದುಂಡಾಣು ಸೊರಗು ರೋಗ.

ಹಿತ್ತಲ ಹೊಸಬಳು, ಹಾಸನ

ಈಗಷ್ಟೇ ನೋಡಿದೆವು. ಬಿಳಿ ಎಳೆ ಹೊಗೆಯ ಹಾಗೆ ಇಳಿಯಿತು. ಮಗಳು ಕಣ್ಣು ಕೀಳದೆ ನೋಡುತ್ತಿದ್ದಳು. ಇದಕ್ಕೆ ಔಷಧಿ?

ತೋಟಗಾರಿಕೆ ನಿವೃತ್ತ, ಹಾಸನ

ಹತ್ತಿದ ಗಿಡಕ್ಕೆ ಔಷಧಿಯಿಲ್ಲ, ಯಾರಾದರೂ ಇದೆ ಎಂದರೆ ನಂಬಬೇಡಿ. ಆ ಎರಡೂ ಗಿಡಗಳನ್ನು ಬುಡದ ಮಣ್ಣಿನ ಜೊತೆ ತೆಗೆದು ಹೊರಗೆ ಸುಡಿ. ಆ ಮಡಿಯಿಂದ ನೀರು ಬೇರೆ ಮಡಿಗೆ ಹರಿಯದಂತೆ ತಡೆಯಿರಿ; ರೋಗ ನೀರಿನ ಜೊತೆ, ಗುದ್ದಲಿಯ ಜೊತೆ ಹೋಗುತ್ತದೆ. ಸಲಕರಣೆ ತೊಳೆದು ಬಿಸಿಲಿಗಿಡಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲ ಒಂದೇ ಕುಟುಂಬ. ಆ ಮಡಿಗೆ ಕೆಲವು ವರ್ಷ ಅವುಗಳಲ್ಲಿ ಯಾವುದೂ ಬೇಡ. ಜೋಳ, ಅಲಸಂದೆ, ಸೊಪ್ಪು ಹಾಕಿ. ಮುಂದಿನ ಸಲ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ತಳಿ ನೋಡಿ. ಎಲೆ ಮುದುಡುವ ನಂಜು ರೋಗ, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಮೂರನ್ನೂ ತಡೆಯುವ ಸಂಕರಣ ತಳಿ ಅದು. ಸಂಕರಣವಾದ್ದರಿಂದ ಅದರ ಹಣ್ಣಿನಿಂದ ಬೀಜ ಇಟ್ಟುಕೊಂಡರೆ ಅದೇ ಗುಣ ಬರುವುದಿಲ್ಲ.

ಅರಸೀಕೆರೆ ತೆಂಗು, ಅರಸೀಕೆರೆ

ಮಾವನವರ ಆಲೂಗಡ್ಡೆ ಏನಾಯಿತು ಮೇಡಂ? ಎಲ್ಲರೂ ಮರೆತ ಹಾಗಿದೆ.

ಹಿತ್ತಲ ಹೊಸಬಳು, ಹಾಸನ

ಮರೆತಿಲ್ಲ ಸರ್. ಮಾವನವರೇ ಬೇಡ ಎಂದರು. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಅವರ ಕಾಲದಲ್ಲಿ ಜಲಂಧರದಿಂದ ಲಾರಿಗಳಲ್ಲಿ ಬಿತ್ತನೆ ಗೆಡ್ಡೆ ಹಾಸನದ ಮಾರುಕಟ್ಟೆಗೆ ಬರುತ್ತಿತ್ತು, ಕುಫ್ರಿ ಜ್ಯೋತಿಯೇ ಎಲ್ಲರ ಹೊಲದಲ್ಲಿ. ಮುಂಗಾರು ಶುರುವಾಗುವಾಗ ಬಿತ್ತಿ ಶ್ರಾವಣ ಕಳೆಯುವಾಗ ಅಗೆಯುತ್ತಿದ್ದರು. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದ ವರ್ಷ ಅಂಗಮಾರಿ ಬಂದರೆ ಒಂದೇ ವಾರದಲ್ಲಿ ಹೊಲವೆಲ್ಲ ಸುಟ್ಟ ಹಾಗೆ ಕಪ್ಪಾಗುತ್ತಿತ್ತು, ಕೊಳೆತ ವಾಸನೆ ರಸ್ತೆಯವರೆಗೆ ಬರುತ್ತಿತ್ತು. ಅದಕ್ಕೆ ಹೆದರಿಯೇ ಬಹಳ ಜನ ಜೋಳಕ್ಕೆ, ಶುಂಠಿಗೆ ಹೋದರು. ನಮ್ಮ ಬಡಾವಣೆಯ ಆಚೆಗೆ ಈಗಲೂ ಇಬ್ಬರು ಆಲೂಗಡ್ಡೆ ಹಾಕುತ್ತಾರೆ. ನಮ್ಮ ಹವ್ಯಾಸದ ಒಂದು ಸಾಲಿನಿಂದ ಅವರ ಹೊಲಕ್ಕೆ ರೋಗ ಹೋಗಬಾರದು ಎಂದರು.

ತೋಟಗಾರಿಕೆ ನಿವೃತ್ತ, ಹಾಸನ

ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಹಿತ್ತಲಲ್ಲಿ ಬೆಳೆಯುವ ನಾವೆಲ್ಲರೂ ಇದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ನಾಶಮಾಡಿ ಬರಗಾಲ ತಂದದ್ದು ಇದೇ ರೋಗ, ತಡವಾದ ಅಂಗಮಾರಿ. ಟೊಮೆಟೊಗೂ ಬರುತ್ತದೆ, ಟೊಮೆಟೊದಿಂದ ಆಲೂಗಡ್ಡೆಗೂ ಹೋಗುತ್ತದೆ, ಅದರ ಬೀಜಕಗಳು ಗಾಳಿಯಲ್ಲಿ ಹೊಲದಿಂದ ಹೊಲಕ್ಕೆ ಹಾರುತ್ತವೆ. ಅರ್ಕ ರಕ್ಷಕ್ ತಡೆಯುವುದು ಮುಂಚಿನ ಅಂಗಮಾರಿಯನ್ನು, ಇದನ್ನಲ್ಲ. ನಮಗೆ ನಾಲ್ಕು ಗಿಡ ಹೋದರೆ ಸಾರಿಗೆ ಟೊಮೆಟೊ ಕೊಳ್ಳುತ್ತೇವೆ. ಹೊಲದವರಿಗೆ ಅದು ವರ್ಷದ ಸಾಲ. ಎಲೆಯ ಅಂಚಿನಲ್ಲಿ ನೀರು ನೆನೆದಂತಹ ಕಂದು ಮಚ್ಚೆ, ಬೆಳಗ್ಗೆ ಎಲೆಯ ಅಡಿಯಲ್ಲಿ ಬಿಳಿ ಬೂಷ್ಟು ಕಂಡ ದಿನವೇ ಗಿಡ ಕಿತ್ತು ಚೀಲದಲ್ಲಿ ಕಟ್ಟಿ ತೆಗೆಯಿರಿ. ಇನ್ನೆರಡು ದಿನ ನೋಡೋಣ ಎನ್ನಬೇಡಿ.

ಮೂಡಿಗೆರೆ ಕಾಫಿತೋಟ, ಮೂಡಿಗೆರೆ

ರೋಗ ಬರುವ ಮೊದಲು ಬೋರ್ಡೋ ದ್ರಾವಣ ಹೊಡೆದರೆ ತಡೆಯುತ್ತದೆ. ಒಂದು ಲೀಟರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಟ್ಟಸುಣ್ಣ. ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಮಾಡಿ, ಕಬ್ಬಿಣದ ಪಾತ್ರೆ ಬೇಡ. ಅರ್ಧ ನೀರಿನಲ್ಲಿ ತುತ್ತ, ಉಳಿದರ್ಧದಲ್ಲಿ ಸುಣ್ಣ ಕರಗಿಸಿ ಶೋಧಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಕಲಕುತ್ತಾ ಸುರಿಯಿರಿ. ತಿಳಿ ಆಕಾಶನೀಲಿ ಬಣ್ಣ ಬರಬೇಕು. ಉಜ್ಜಿದ ಕುಡುಗೋಲಿನ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಲೇಪ ಹತ್ತಿದರೆ ತುತ್ತ ಹೆಚ್ಚಿದೆ, ಇನ್ನೂ ಸುಣ್ಣದ ನೀರು ಬೇಕು. ಮಾಡಿದ ದಿನವೇ ಮುಗಿಸಿ. ಹಣ್ಣನ್ನು ಚೆನ್ನಾಗಿ ತೊಳೆದು ಬಳಸಿ.

ಹಿತ್ತಲ ಹೊಸಬಳು, ಹಾಸನ | ಜನವರಿ

ಮೇಷ್ಟ್ರೇ, ಅವರೆ ಹೂ ಬಿಟ್ಟಿತು, ಕಾಯಿಯೂ ಬಂತು! ನವೆಂಬರ್ ಹೊತ್ತಿಗೆ ಬೇಲಿಯೆಲ್ಲ ನೇರಳೆ. ಬೆಳಗ್ಗೆ ಕಾಯಿ ಬಿಡಿಸಿದರೆ ಬೆರಳಿಗೆ ಸೊನೆ ಅಂಟಿ ಶಾಲೆಯವರೆಗೂ ವಾಸನೆ ಜೊತೆಗೇ ಬರುತ್ತದೆ. ಹಿತಕಿದ ಬೇಳೆ ಸಾರು, ಉಪ್ಪಿಟ್ಟು, ಅಕ್ಕಿರೊಟ್ಟಿ, ಮನೆಯಲ್ಲಿ ಎಲ್ಲದಕ್ಕೂ ಅವರೆಯೇ. ಉಳಿದ ಟೊಮೆಟೊ ಗಿಡಗಳೂ ದೂರದ ಮಡಿಯಲ್ಲಿ ಹಣ್ಣು ಬಿಡುತ್ತಿವೆ. ಗೋಡೆಯ ನೆರಳು ಮೇಷ್ಟ್ರು ಹೇಳಿದಲ್ಲಿಗೇ ಬಂದು ನಿಲ್ಲುತ್ತದೆ.

ಅವರೆಯ ಎಳೆ ತುದಿಗಳಲ್ಲಿ ಕಪ್ಪು ಸಸ್ಯಹೇನು ಮೆತ್ತಿಕೊಂಡಿದೆ. ಬೇವಿನೆಣ್ಣೆ ಹೊಡೆಯಲೇ? ಬೀಜಕ್ಕೆಂದು ಬಿಟ್ಟ ಕಾಯಿಗಳನ್ನು ಯಾವಾಗ ಕೊಯ್ಯಬೇಕು?

ಆಲೂರಿನ ಅಕ್ಕ, ಆಲೂರು

ಹೇನು ಮೆತ್ತಿದ ತುದಿಯನ್ನು ಚಿವುಟಿ ಸೋಪಿನ ನೀರಿಗೆ ಹಾಕಿಬಿಡಿ, ಹೆಚ್ಚಿನದ್ದು ಅಲ್ಲಿಗೇ ಮುಗಿಯುತ್ತದೆ. ಗುಲಗಂಜಿ ಹುಳು, ಅದರ ಕಪ್ಪು ಮೈಯ ಕಿತ್ತಳೆ ಮಚ್ಚೆಯ ಮರಿ ಕಂಡರೆ ಅಲ್ಲಿ ಏನನ್ನೂ ಹೊಡೆಯಬೇಡಿ, ಅವು ಹೇನನ್ನೇ ತಿನ್ನುತ್ತವೆ. ಸಾಲದಿದ್ದರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯಲು ಸ್ವಲ್ಪ ಸೋಪು, ಜೇನು ಗೂಡಿಗೆ ಮರಳಿದ ಮೇಲೆ ಸಂಜೆ.

ಬೀಜದ ಕಾಯಿ ಬಳ್ಳಿಯಲ್ಲೇ ಒಣಗಿ, ಅಲುಗಿಸಿದರೆ ಗಲಗಲ ಎನ್ನಬೇಕು. ರೋಗವಿಲ್ಲದ, ಬೇಗ ಕಾಯಿ ಬಿಟ್ಟ ಬಳ್ಳಿಯಿಂದಲೇ ತೆಗೆದುಕೊಳ್ಳಿ. ಬಿಡಿಸಿ ಬಿಸಿಲಿನಲ್ಲಿ ಒಣಗಿಸಿ, ಹಲ್ಲಿನಲ್ಲಿ ಕಚ್ಚಿದರೆ ಟಕ್ಕೆಂದು ಒಡೆಯುವ ಹಾಗಿರಬೇಕು. ಅಂಗೈಗೆ ಹರಳೆಣ್ಣೆ ಹಚ್ಚಿಕೊಂಡು ಬೀಜಕ್ಕೆ ಸವರಿ ಡಬ್ಬಿಯಲ್ಲಿಡಿ, ಮುಟ್ಟೆಹುಳು ಹತ್ತುವುದಿಲ್ಲ.

ಕಡೂರು ಬಯಲು, ಕಡೂರು

ಈ ಚರ್ಚೆಯನ್ನು ಮೊದಲಿಂದ ಓದಿದೆ. ನಾನೂ ಹೊಸಬ. ನಮ್ಮ ಕಡೆ ಮಳೆ ಕಡಿಮೆ, ಬೋರ್‌ವೆಲ್ ನೀರು ಕುಡಿಯಲು ಮಾತ್ರ. ಮುಂಗಾರಿನವರೆಗೆ ಕಾಯುವ ತಾಳ್ಮೆ ಇಲ್ಲ. ಫೆಬ್ರವರಿಯಲ್ಲಿ ಏನಾದರೂ ಹಾಕಬಹುದೇ?

ತೋಟಗಾರಿಕೆ ನಿವೃತ್ತ, ಹಾಸನ

ಹಾಕಬಹುದು. ನಿಮಗೆ ಏರುಮಡಿ ಬೇಡ, ತಗ್ಗಿನ ಪಾತಿ ಬೇಕು, ಬಿದ್ದ ನೀರು ಅಲ್ಲೇ ನಿಲ್ಲಲಿ. ಇಲ್ಲಿ ಹಾಸನಕ್ಕೆ ಹೇಳಿದ್ದನ್ನು ನೀವು ಈ ಒಂದು ವಿಷಯದಲ್ಲಿ ತಲೆಕೆಳಗು ಮಾಡಿಕೊಳ್ಳಿ. ಅಲಸಂದೆ, ಬೆಂಡೆ, ಹರಿವೆ ಬಿಸಿಲನ್ನು ತಡೆಯುತ್ತವೆ. ಎರಡೇ ಪಾತಿಯಿಂದ ಶುರುಮಾಡಿ. ಹೊಳಪು ಹಾಕದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ ಮುಚ್ಚಳ ಮುಚ್ಚಿ, ಸುತ್ತ ಬೀಜ ಊರಿ. ಮಡಕೆಯ ಮೈಯಿಂದ ಒಸರುವ ನೀರು ನೇರವಾಗಿ ಬೇರಿಗೆ ಸಿಗುತ್ತದೆ. ತರಕಾರಿ, ಅಕ್ಕಿ ತೊಳೆದ ನೀರನ್ನು ಅದಕ್ಕೇ ಸುರಿಯಿರಿ, ಸೋಪಿನ ನೀರು ಬೇಡ. ಮೇಲೆ ತೆಂಗಿನ ಗರಿ, ಒಣಹುಲ್ಲು, ಏನು ಸಿಗುತ್ತದೋ ಅದನ್ನು ನಾಲ್ಕು ಬೆರಳು ದಪ್ಪ ಹೊದಿಸಿ.

ಹಿತ್ತಲ ಹೊಸಬಳು, ಹಾಸನ

ಕಡೂರಿನ ಅಣ್ಣಾ, ಅಲಸಂದೆಯನ್ನು ನಾನೂ ಫೆಬ್ರವರಿಯಲ್ಲೇ ಹಾಕುತ್ತಿದ್ದೇನೆ, ಟೊಮೆಟೊ ಸೊರಗಿದ್ದ ಆ ಮಡಿಗೆ. ಇಬ್ಬರೂ ಇಲ್ಲೇ ಬರೆಯುತ್ತಿರೋಣ. ಅತ್ತೆ ಅವರೆ ಬೀಜಕ್ಕೆ ಹರಳೆಣ್ಣೆ ಸವರುತ್ತಿದ್ದಾರೆ, ಬೇಕಾದವರು ಕೇಳಿ. ಜುಲೈ ಕಳೆಯುವುದರೊಳಗೆ ಊರಬೇಕು ಎಂದು ಹೇಳಲು ಹೇಳಿದ್ದಾರೆ.